ಗರ್ಭಿಣಿಯ ರಕ್ತಹೀನತೆ: ಮಾತ್ರೆಯೊಡನೆ ಬೇಕಾದ ಮಾತು

ನಮ್ಮ ನಾಡಿನಲ್ಲಿ ಬಸುರಿಯಾದ ಹೆಣ್ಣನ್ನು ‘ಎರಡು ಜೀವದವಳು’ ಎಂದು ಕರೆಯುವ ರೂಢಿ ಹಿಂದಿನಿಂದಲೂ ಇದೆ. ಹಿರಿಯರ ಈ ಮಾತಿನಲ್ಲಿ ಅಕ್ಕರೆಯಿರುವಂತೆ ಶರೀರಶಾಸ್ತ್ರದ ಸತ್ಯವೂ ಅಡಗಿದೆ. ಗರ್ಭಸ್ಥ ಶಿಶುವಿಗೆ ಆಮ್ಲಜನಕ ದೊರೆಯುವುದು ತಾಯಿಯ ರಕ್ತದ ಮೂಲಕ. ಅದು ಬೆಳೆಯುವುದು ಆ ರಕ್ತ ಹೊತ್ತು ತರುವ ಪೋಷಕಾಂಶಗಳಿಂದ. ತಾಯಿಯ ರಕ್ತವೇ ಸತ್ವಗುಂದಿದರೆ ಎರಡು ಜೀವಗಳೂ ಒಟ್ಟಿಗೆ ಬಳಲುತ್ತವೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 45.7. ಇದಕ್ಕೆ ಪರಿಹಾರ ತಿಳಿಯದೆ ಇರುವುದೇನಲ್ಲ. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಗರ್ಭಿಣಿಯರಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿಯೇ ಆರಂಭವಾಯಿತು. 2018ರಲ್ಲಿ ‘ರಕ್ತಹೀನತೆ ಮುಕ್ತ ಭಾರತ’ ಎಂಬ ಹೆಸರಿನಲ್ಲಿ ಅದಕ್ಕೆ ಹೊಸ ಚಾಲನೆ ದೊರೆಯಿತು. ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ, ಔಷಧ ಅಂಗಡಿಯಲ್ಲಿ ಹೆಚ್ಚಿನ ಬೆಲೆಯಿಲ್ಲದೆ ಸಿಗುತ್ತದೆ. ಆದರೂ ಅದೇ ಸಮೀಕ್ಷೆ ಹೇಳುವಂತೆ, ದೇಶದ ತಾಯಂದಿರಲ್ಲಿ ಗರ್ಭಾವಸ್ಥೆಯ ಕಾಲದಲ್ಲಿ ನೂರು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮಾತ್ರೆ ಸೇವಿಸಿದವರು ಶೇ. 44.1 ಮಾತ್ರ, ವಿಧಿಸಿದ 180 ದಿನಗಳನ್ನು ಪೂರೈಸಿದವರು ಶೇ. 26 ಮಾತ್ರ.

ಎಂದರೆ, ಮಾತ್ರೆ ಮನೆಯವರೆಗೆ ಬರುತ್ತಿದೆ. ಅಂಗೈಯಿಂದ ಬಾಯಿಗೆ ಹೋಗುವ ದಾರಿಯಲ್ಲಿ ಎಲ್ಲಿಯೋ ನಿಂತುಬಿಡುತ್ತಿದೆ. ಹೀಗೆ ನಿಲ್ಲಲು ಕಾರಣಗಳು ಹಲವು: ವಾಕರಿಕೆ, ಮಲಬದ್ಧತೆ, ಭಯ, ತಪ್ಪು ತಿಳಿವಳಿಕೆ, ಮರೆವು. ಇವುಗಳಲ್ಲಿ ಬಹುಪಾಲು ಸರಿಯಾದ ಸಮಯದಲ್ಲಿ ಆಡಿದ ನಾಲ್ಕು ಮಾತುಗಳಿಂದ ನಿವಾರಣೆಯಾಗುವಂಥವು. ಆ ಮಾತುಗಳನ್ನು ಆಡಲು ಅತ್ಯಂತ ಅನುಕೂಲವಾದ ಸ್ಥಾನದಲ್ಲಿರುವವರು, ಫಾರ್ಮಸಿಸ್ಟ್ ಎಂದು ನಾವು ಕರೆಯುವ ಔಷಧತಜ್ಞರು.

ಬಸುರಿನಲ್ಲಿ ರಕ್ತ ಸಾಲದಾಗುವುದೇಕೆ?

ಗರ್ಭಧಾರಣೆಯ ನಂತರ ತಾಯಿಯ ದೇಹದಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಿನಷ್ಟಾಗುತ್ತದೆ. ರಕ್ತದ ದ್ರವಭಾಗ ಬೇಗ ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಅದೇ ವೇಗದಲ್ಲಿ ಹೆಚ್ಚಲಾರವು. ಹೀಗಾಗಿ ರಕ್ತ ಸ್ವಲ್ಪ ತೆಳುವಾಗುವುದು ಸಹಜ. ಈ ಹೊಸ ಕಣಗಳ ನಿರ್ಮಾಣಕ್ಕೆ, ಶಿಶು ಮತ್ತು ಮಾಸುಗಳ ಬೆಳವಣಿಗೆಗೆ, ದೇಹದ ದಿನನಿತ್ಯದ ನಷ್ಟವನ್ನು ತುಂಬುವುದಕ್ಕೆ ಎಲ್ಲವೂ ಸೇರಿ ಒಂದು ಬಸುರಿನ ಅವಧಿಯಲ್ಲಿ ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ. ಇದರ ಬಹುಭಾಗ ಬೇಕಾಗುವುದು ಕೊನೆಯ ಐದಾರು ತಿಂಗಳುಗಳಲ್ಲಿ. ಮೊದಲೇ ದೇಹದ ದಾಸ್ತಾನು ಬರಿದಾಗಿರುವ ಹೆಣ್ಣುಮಗಳಿಗೆ ಇಷ್ಟನ್ನು ಊಟವೊಂದರಿಂದಲೇ ಒದಗಿಸಿಕೊಳ್ಳುವುದು ಅಸಾಧ್ಯವೇ ಸರಿ.

ಗರ್ಭಿಣಿಯ ರಕ್ತದ ಪ್ರತಿ ಡೆಸಿಲೀಟರಿನಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎಂದು ನಮ್ಮಲ್ಲಿ ಗುರುತಿಸಲಾಗುತ್ತದೆ. 10ರಿಂದ 10.9ರವರೆಗೆ ಅಲ್ಪ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ ಎಂಬುದು ವಿಂಗಡಣೆ. ಅಲ್ಪ ರಕ್ತಹೀನತೆಯಲ್ಲಿ ಆಯಾಸವೊಂದನ್ನು ಬಿಟ್ಟರೆ ಬೇರೆ ಲಕ್ಷಣ ಕಾಣದೆಯೂ ಇರಬಹುದು. ‘ಬಸುರಿನಲ್ಲಿ ಸುಸ್ತು ಇದ್ದದ್ದೇ’ ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ಆದರೆ ರಕ್ತಹೀನತೆ ಹೆಚ್ಚಿದಂತೆ ಅವಧಿಪೂರ್ವ ಹೆರಿಗೆಯ ಮತ್ತು ಕಡಿಮೆ ತೂಕದ ಶಿಶು ಜನನದ ಸಂಭವ ಹೆಚ್ಚುತ್ತದೆ. ತಾಯಿಗೆ ಸೋಂಕು ತಗಲುವ ಅಪಾಯವೂ ಹೆಚ್ಚುತ್ತದೆ. ಎಲ್ಲಕ್ಕಿಂತ ಭಯಂಕರವಾದುದು ಹೆರಿಗೆಯ ಗಳಿಗೆ. ಆರೋಗ್ಯವಂತ ತಾಯಿ ತಾಳಿಕೊಳ್ಳಬಲ್ಲ ರಕ್ತಸ್ರಾವವನ್ನು ತೀವ್ರ ರಕ್ತಹೀನತೆಯುಳ್ಳ ತಾಯಿ ತಾಳಿಕೊಳ್ಳಲಾರಳು. ಆ ಗಳಿಗೆಯಲ್ಲಿ ಬೇಕಾಗುವ ಬಲವನ್ನು ಐದಾರು ತಿಂಗಳು ಮೊದಲೇ, ದಿನಕ್ಕೊಂದು ಮಾತ್ರೆಯಂತೆ ಕೂಡಿಡಬೇಕಾಗುತ್ತದೆ.

ಫೋಲಿಕ್ ಆಮ್ಲದ ಕಥೆ ನಮ್ಮ ದೇಶದ ನೆಲದಲ್ಲಿಯೇ ನಡೆದದ್ದು. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅವರು 1928ರಲ್ಲಿ ಮುಂಬಯಿಗೆ ಬಂದು, ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರವನ್ನು ಕೊಟ್ಟಾಗ ಅದು ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿ ಅಡಗಿದ್ದ ಸತ್ವವೇ ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಲಾಯಿತು. ‘ಎಲೆ’ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದಕ್ಕೆ ಆ ಹೆಸರು ಬಂದಿತು. ಇಂದು ಗರ್ಭಿಣಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶದೊಡನೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವುದು ಈ ಕಾರಣದಿಂದ.

ಔಷಧತಜ್ಞರ ಕರ್ತವ್ಯ

ಔಷಧ ಅಂಗಡಿಯವರ ಕೆಲಸ ಚೀಟಿ ನೋಡಿ ಪೊಟ್ಟಣ ಕೊಟ್ಟು ಹಣ ಪಡೆಯುವುದು ಎಂಬ ಭಾವನೆ ಜನರಲ್ಲಿ ಬೇರೂರಿದೆ. ಕಾನೂನಿನ ದೃಷ್ಟಿ ಹಾಗಿಲ್ಲ. 1948ರ ಫಾರ್ಮಸಿ ಕಾಯ್ದೆಯ ಅಡಿಯಲ್ಲಿ ನೋಂದಾಯಿತರಾದವರು ಮಾತ್ರ ವೈದ್ಯರ ಚೀಟಿಯಂತೆ ಔಷಧ ವಿತರಿಸಬಹುದು. ಭಾರತೀಯ ಫಾರ್ಮಸಿ ಪರಿಷತ್ತು ರೂಪಿಸಿದ 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ಸಲಹೆ ನೀಡುವುದನ್ನು ಔಷಧತಜ್ಞರ ಕರ್ತವ್ಯಗಳಲ್ಲಿ ಸೇರಿಸಿವೆ. ಔಷಧದ ಹೆಸರು, ಪ್ರಮಾಣ, ಸೇವಿಸಬೇಕಾದ ಕ್ರಮ ಮತ್ತು ಅವಧಿ, ಉಂಟಾಗಬಹುದಾದ ಅಡ್ಡಪರಿಣಾಮ, ಬೇರೆ ಔಷಧಗಳೊಡನೆ ಆಗಬಹುದಾದ ತೊಡಕು, ಒಂದು ಹೊತ್ತು ಮರೆತರೆ ಮಾಡಬೇಕಾದುದು, ಜೋಪಾನ ಮಾಡುವ ಬಗೆ ಇವೆಲ್ಲ ಆ ಸಲಹೆಯ ಅಂಗಗಳು. ಆದ್ದರಿಂದ ಗರ್ಭಿಣಿಯಾಗಲಿ ಅವಳ ಮನೆಯವರಾಗಲಿ ಅಂಗಡಿಯಲ್ಲಿ ನಿಂತು ಪ್ರಶ್ನೆ ಕೇಳಿದರೆ ಅದು ಯಾರಿಗೂ ತೊಂದರೆ ಕೊಟ್ಟಂತಲ್ಲ; ಸಲ್ಲಬೇಕಾದುದನ್ನು ಕೇಳಿದಂತೆ.

ಗರ್ಭಿಣಿಯು ವೈದ್ಯರನ್ನು ಕಾಣುವುದು ತಿಂಗಳಿಗೊಮ್ಮೆ. ಅಲ್ಲಿ ಜನಸಂದಣಿ, ಅವಸರ. ಔಷಧ ಅಂಗಡಿ ಊರಿನ ನಡುವೆಯೇ ಇರುತ್ತದೆ. ಚೀಟಿ ಬರೆಸದೆ, ಸರದಿ ಕಾಯದೆ ಮಾತನಾಡಬಹುದು. ಮಾತ್ರೆ ಮುಗಿಯುವ ಲೆಕ್ಕವೂ ಅಲ್ಲಿಯೇ ಸಿಗುತ್ತದೆ. ದಿನಕ್ಕೊಂದರಂತೆ 30 ಮಾತ್ರೆ ಕೊಂಡವರು 50 ದಿನಗಳ ಮೇಲೆ ಮತ್ತೆ ಬಂದರೆ, ನಡುವೆ 20 ದಿನ ಮಾತ್ರೆ ತಪ್ಪಿದೆ ಎಂಬುದು ಜಾಣ ಔಷಧತಜ್ಞರಿಗೆ ತಿಳಿಯದೆ ಇರದು. ‘ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಹೋದ ವಾರ ಎಷ್ಟು ದಿನ ಬಿಟ್ಟುಹೋಯಿತು? ತೆಗೆದುಕೊಂಡ ಮೇಲೆ ಹೊಟ್ಟೆಯಲ್ಲಿ ಹೇಗಾಗುತ್ತದೆ?’ ಎಂದು ಮೆಲ್ಲನೆ ಕೇಳಿದಾಗ ನಿಜವಾದ ಕಾರಣ ಹೊರಬರುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಮ್ಮಲ್ಲಿ ಅಂಗಡಿಗೆ ಹೋಗಿ ಮಾತ್ರೆ ತರುವವರು ಬಹುಮಟ್ಟಿಗೆ ಗಂಡ, ಮಾವ ಅಥವಾ ಮೈದುನ. ಹೇಳಿದ ಮಾತು ನುಂಗುವವಳ ಕಿವಿಗೆ ಬೀಳುವುದೇ ಇಲ್ಲ. ಆದಕಾರಣ ಮಾತ್ರೆಯ ಹೊತ್ತನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಡುವುದು, ತಂದವರಿಂದ ಅದನ್ನು ಒಮ್ಮೆ ಮರಳಿ ಹೇಳಿಸುವುದು ಅವಶ್ಯ.

ಹೊತ್ತಿನ ಲೆಕ್ಕಾಚಾರ

ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳುವುದು ಕಷ್ಟದಿಂದ. ಚಹಾ ಮತ್ತು ಕಾಫಿಯಲ್ಲಿರುವ ಒಗರು ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲು ಹಾಗೂ ಸುಣ್ಣಾಂಶದ, ಎಂದರೆ ಕ್ಯಾಲ್ಸಿಯಂನ, ಮಾತ್ರೆ ಅದಕ್ಕೆ ಅಡ್ಡಿಯಾಗುತ್ತದೆ. ಹೊಟ್ಟೆಯುರಿಗೆಂದು ಕುಡಿಯುವ ಆಮ್ಲಶಾಮಕ ದ್ರಾವಣವೂ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಇದಕ್ಕೆ ವಿರುದ್ಧವಾಗಿ ನಿಂಬೆ, ನೆಲ್ಲಿ, ಸೀಬೆ, ಕಿತ್ತಳೆಗಳಲ್ಲಿರುವ ಸಿ ಜೀವಸತ್ವ ಹೀರಿಕೆಗೆ ನೆರವಾಗುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಬೆಳಗಿನ ಚಹಾದೊಡನೆ ನುಂಗುವ ಅಥವಾ ಬಿಸಿಹಾಲಿನೊಡನೆ ಕುಡಿಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಹೀಗೆ ಮಾಡಿದರೆ ಮಾತ್ರೆ ಹೊಟ್ಟೆ ಸೇರಿಯೂ ರಕ್ತವನ್ನು ಸೇರದು.

ಒಂದು ಉದಾಹರಣೆಯನ್ನು ನೋಡಬಹುದು. ಐದು ತಿಂಗಳ ಗರ್ಭಿಣಿಯ ಚೀಟಿಯಲ್ಲಿ ಥೈರಾಯ್ಡ್ ಮಾತ್ರೆ, ಕಬ್ಬಿಣಾಂಶದ ಮಾತ್ರೆ ಮತ್ತು ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆಗಳಿವೆ ಎಂದುಕೊಳ್ಳೋಣ. ಮೂರನ್ನೂ ಒಟ್ಟಿಗೆ ನುಂಗಿ ‘ಇವತ್ತಿನದು ಮುಗಿಯಿತು’ ಎಂದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಥೈರಾಯ್ಡ್ ಮಾತ್ರೆಗೂ ಉಳಿದೆರಡಕ್ಕೂ ನಾಲ್ಕು ಗಂಟೆಗಳ ಅಂತರ ಬೇಕು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆಗಳಾದರೂ ಅಂತರ ಬೇಕು. ಆದ್ದರಿಂದ ಬೆಳಗ್ಗೆ 6 ಗಂಟೆಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, 8.30ರ ಹೊತ್ತಿಗೆ ಉಪಾಹಾರ. 11 ಗಂಟೆಗೆ ನಿಂಬೆ ಹಿಂಡಿದ ನೀರಿನೊಡನೆ ಕಬ್ಬಿಣಾಂಶದ ಮಾತ್ರೆ. ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ದಾಟಿದಾಗ ಮೊದಲ ಕ್ಯಾಲ್ಸಿಯಂ, ರಾತ್ರಿಯ ಊಟದ ನಂತರ ಎರಡನೆಯದು. ಅಂಗನವಾಡಿಯ ಮಧ್ಯಾಹ್ನದ ಊಟದ ನಂತರ ಅಲ್ಲಿಯೇ ಕಬ್ಬಿಣಾಂಶದ ಮಾತ್ರೆ ಸೇವಿಸುವವರು ಮೊದಲ ಕ್ಯಾಲ್ಸಿಯಂ ಮಾತ್ರೆಯನ್ನು ಬೆಳಗಿನ 10 ಗಂಟೆಗೆ ಬದಲಿಸಿಕೊಂಡರಾಯಿತು. ಇಂಥ ಒಂದು ವೇಳಾಪಟ್ಟಿಯನ್ನು ಹಾಕಿಕೊಡಲು ಔಷಧತಜ್ಞರಿಗೆ ಎರಡು ನಿಮಿಷ ಸಾಕು. ಅದರ ಫಲ ಆರು ತಿಂಗಳು.

ಮಾತ್ರೆ ಬಿಡಲು ಹೇಳುವ ಕಾರಣಗಳು

ಮಲ ಕಪ್ಪಾಯಿತೆಂದು ಹೆದರಿ ಮಾತ್ರೆ ನಿಲ್ಲಿಸುವವರು ಬಹಳ ಮಂದಿ. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಹೋಗುವುದರಿಂದ ಈ ಬಣ್ಣ ಬರುತ್ತದೆ; ಅಪಾಯವೇನಿಲ್ಲ. ಮೊದಲ ದಿನವೇ ಇದನ್ನು ಹೇಳಿಬಿಟ್ಟರೆ ಹೆದರಿಕೆಗೆ ಎಡೆಯಿರದು. ವಾಕರಿಕೆ, ಎದೆಯುರಿ ಇದ್ದವರು ಮಾತ್ರೆಯನ್ನು ಊಟವಾದ ಒಂದು ಗಂಟೆಯ ನಂತರ ಅಥವಾ ಮಲಗುವ ಹೊತ್ತಿಗೆ ಸೇವಿಸಬಹುದು. ಹೀರಿಕೆ ತುಸು ಕಡಿಮೆಯಾದರೂ ಮಾತ್ರೆಯನ್ನು ಬಿಟ್ಟೇ ಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಮಲಬದ್ಧತೆಗೆ ಹೆಚ್ಚು ನೀರು, ಸೊಪ್ಪು, ಹಣ್ಣು, ನಾರಿರುವ ಧಾನ್ಯ, ನಿತ್ಯ ಸ್ವಲ್ಪ ನಡಿಗೆ ಸಹಾಯಕ. ಇವುಗಳಿಂದಲೂ ತೊಂದರೆ ನೀಗದಿದ್ದರೆ ಬೇರೆ ಬಗೆಯ ಕಬ್ಬಿಣದ ಲವಣವನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು.

‘ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ’, ‘ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ’ ಎಂಬ ನಂಬಿಕೆಗಳು ಇನ್ನೂ ಅಳಿದಿಲ್ಲ. ಮಗುವಿನ ಮೈಬಣ್ಣ ತಂದೆತಾಯಿಗಳಿಂದ ಬಂದ ಬಳುವಳಿ. ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ. ಮಗುವಿಗೆ ಸರಿಯಾದ ತೂಕ ಬರಬೇಕೆಂಬುದೇ ಮಾತ್ರೆಯ ಉದ್ದೇಶ; ಅದು ಹೆರಿಗೆಯನ್ನು ಕಷ್ಟಗೊಳಿಸುವುದಿಲ್ಲ. ಅತ್ತೆಯವರಿಗೋ ತಾಯಿಗೋ ಈ ಅನುಮಾನವಿದ್ದರೆ ಅವರೊಡನೆಯೇ ಗೌರವದಿಂದ ಮಾತನಾಡಬೇಕು. ಹಿರಿಯರು ಒಪ್ಪಿದ ಮನೆಯಲ್ಲಿ ಮಾತ್ರೆ ತಪ್ಪುವುದಿಲ್ಲ.

ನಮ್ಮ ಪದ್ಧತಿಯಿಂದ ಉಂಟಾಗುವ ಇನ್ನೊಂದು ಅಡಚಣೆಯಿದೆ. ಚೊಚ್ಚಲ ಬಸುರಿಯನ್ನು ಕುಬುಸವಾದ ಮೇಲೆ ತವರಿಗೆ ಕರೆದೊಯ್ಯುತ್ತಾರೆ. ಹೊಸ ಸೀರೆ, ಬಳೆ, ತಿಂಡಿಗಳ ಗಂಟಿನಲ್ಲಿ ಮಾತ್ರೆ ಮತ್ತು ತಾಯಿ ಕಾರ್ಡು ಮರೆತುಹೋಗುತ್ತವೆ. ಊರು ಬದಲಾದಾಗ ಆಶಾ ಕಾರ್ಯಕರ್ತೆ ಬದಲಾಗುತ್ತಾರೆ, ಆಸ್ಪತ್ರೆ ಬದಲಾಗುತ್ತದೆ. ಕಬ್ಬಿಣಾಂಶ ಅತಿ ಹೆಚ್ಚು ಬೇಕಾಗುವ ಕೊನೆಯ ತಿಂಗಳುಗಳಲ್ಲಿಯೇ ಮಾತ್ರೆ ನಿಂತುಬಿಡುತ್ತದೆ. ಏಳನೆಯ ತಿಂಗಳು ಸಮೀಪಿಸಿದಾಗ ‘ತವರಿಗೆ ಯಾವಾಗ ಹೋಗುತ್ತೀರಿ? ಅಲ್ಲಿಗೆ ಮಾತ್ರೆ ಇದೆಯೇ?’ ಎಂದು ಔಷಧತಜ್ಞರು ಕೇಳುವ ಒಂದು ಪ್ರಶ್ನೆ ಬಹಳ ದೊಡ್ಡ ಉಪಕಾರ.

ಲೇಬಲ್ಲಿನಲ್ಲಿರುವ ಸಂಖ್ಯೆ

ಕಬ್ಬಿಣಾಂಶದ ಮಾತ್ರೆಗಳ ಹೆಸರು, ಬಣ್ಣ, ಬೆಲೆಗಳು ನೂರಾರು. ಅವುಗಳ ಮೇಲೆ ಮುದ್ರಿಸಿದ ದೊಡ್ಡ ಸಂಖ್ಯೆಯನ್ನು ನೋಡಿ ಮೋಸಹೋಗಬಾರದು. ಲವಣದ ತೂಕ ಬೇರೆ, ಅದರೊಳಗಿನ ಶುದ್ಧ ಕಬ್ಬಿಣದ ತೂಕ ಬೇರೆ. ಜಲಯುಕ್ತ ಫೆರಸ್ ಸಲ್ಫೇಟಿನಲ್ಲಿ ಸುಮಾರು ಐದನೆಯ ಒಂದು ಪಾಲು ಕಬ್ಬಿಣವಿದ್ದರೆ, ಫೆರಸ್ ಫ್ಯೂಮರೇಟಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಇರುತ್ತದೆ. ಮೊದಲನೆಯದರ 300 ಮಿಲಿಗ್ರಾಂ, ಎರಡನೆಯದರ 180 ಮಿಲಿಗ್ರಾಂ, ಎರಡೂ ಕೊಡುವುದು ಹತ್ತಿರಹತ್ತಿರ 60 ಮಿಲಿಗ್ರಾಂ ಕಬ್ಬಿಣವನ್ನೇ. ಸರ್ಕಾರಿ ಕೇಂದ್ರದ ಮಾತ್ರೆ, ಖಾಸಗಿ ವೈದ್ಯರು ಬರೆದ ಮಾತ್ರೆ, ನೆಂಟರು ಹೇಳಿದ ಟಾನಿಕ್ಕು ಇವು ಮೂರನ್ನೂ ಒಟ್ಟಿಗೆ ಸೇವಿಸುವವರಿದ್ದಾರೆ. ಒಂದು ಇದೆಯೆಂದು ಇನ್ನೊಂದನ್ನೂ, ಕೊನೆಗೆ ಎರಡನ್ನೂ ಬಿಡುವವರೂ ಇದ್ದಾರೆ. ಮನೆಯಲ್ಲಿರುವ ಎಲ್ಲ ಪೊಟ್ಟಣಗಳನ್ನು ಅಂಗಡಿಗೆ ಒಯ್ದು ತೋರಿಸಿದರೆ ಔಷಧತಜ್ಞರು ಯಾವುದನ್ನು ಉಳಿಸಿಕೊಳ್ಳಬೇಕೆಂದು ವೈದ್ಯರೊಡನೆ ವಿಚಾರಿಸಿ ಹೇಳಬಲ್ಲರು.

ಒಂದು ದಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಕಾಗಿಲ್ಲ. ಎಂದಿನಂತೆ ಮುಂದುವರಿಸಿದರೆ ಸಾಕು. ಸಕ್ಕರೆ ಲೇಪಿಸಿದ ಕೆಂಪು ಮಾತ್ರೆ ಪುಟ್ಟ ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನಂತೆ ಕಾಣುತ್ತದೆ. ಹಲವು ಮಾತ್ರೆಗಳನ್ನು ತಿಂದರೆ ಮಗುವಿನ ಪ್ರಾಣಕ್ಕೇ ಅಪಾಯ. ಅವನ್ನು ಎತ್ತರದಲ್ಲಿ, ಮುಚ್ಚಳ ಬಿಗಿದು ಇಡಬೇಕು.

ಊಟದ ಪಾಲು

ಮಾತ್ರೆ ಊಟಕ್ಕೆ ಬದಲಿಯಲ್ಲ. ಸಸ್ಯಾಹಾರದಲ್ಲಿರುವ ಕಬ್ಬಿಣ ದೇಹಕ್ಕೆ ದಕ್ಕುವುದು ಕಡಿಮೆ ಪ್ರಮಾಣದಲ್ಲಿ. ಹಾಗೆಂದು ಸಸ್ಯಾಹಾರಿಗಳು ಎದೆಗುಂದಬೇಕಿಲ್ಲ. ರಾಗಿ, ಸಜ್ಜೆ, ಹುರುಳಿ, ಅಲಸಂದೆ, ಎಳ್ಳು, ಗುರೆಳ್ಳು, ದಂಟು, ನುಗ್ಗೆಸೊಪ್ಪು ನಮ್ಮ ಹೊಲಹಿತ್ತಿಲುಗಳಲ್ಲಿಯೇ ಇವೆ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಹೀರಿಕೆಗೆ ಅಡ್ಡಿಯಾಗುವ ಅಂಶ ತಗ್ಗುತ್ತದೆ. ಪಲ್ಯಕ್ಕೆ ನಿಂಬೆ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸವನ್ನು ಒಂದೆರಡು ಗಂಟೆ ಮುಂದೂಡಬೇಕು. ಬೀಟ್‌ರೂಟು, ದಾಳಿಂಬೆ ಒಳ್ಳೆಯ ಆಹಾರವೇ. ಆದರೆ ಬಣ್ಣ ಕೆಂಪಾದ ಮಾತ್ರಕ್ಕೆ ಅವುಗಳಿಂದ ರಕ್ತ ಹೆಚ್ಚುತ್ತದೆ ಎಂದು ನಂಬಿ ಮಾತ್ರೆ ಬಿಡುವುದು ಸರಿಯಲ್ಲ. ಬಿ-12 ಜೀವಸತ್ವ ಸಸ್ಯಗಳಲ್ಲಿ ದೊರೆಯದು. ಹಾಲು, ಮೊಸರು, ಮಜ್ಜಿಗೆ ಸಾಕಷ್ಟು ಸೇವಿಸದ ಸಸ್ಯಾಹಾರಿ ಗರ್ಭಿಣಿಗೆ ಕಬ್ಬಿಣಾಂಶ ಕೊಟ್ಟೂ ರಕ್ತ ಏರದಿದ್ದರೆ, ಕೈಕಾಲು ಜುಮುಗುಟ್ಟುತ್ತಿದ್ದರೆ, ಈ ಕೊರತೆಯನ್ನು ಪರೀಕ್ಷಿಸಬೇಕು.

ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಗರ್ಭಿಣಿಗೂ ಬಾಣಂತಿಗೂ ಮಧ್ಯಾಹ್ನದ ಪೂರ್ಣ ಊಟ ದೊರೆಯುತ್ತದೆ. ಮಾತ್ರೆಯನ್ನು ಅಲ್ಲಿಯೇ ಸೇವಿಸುವ ಏರ್ಪಾಡೂ ಇದೆ. ಸಂಕೋಚಪಡದೆ ಇದರ ಪ್ರಯೋಜನ ಪಡೆಯಬೇಕು.

ಎಲ್ಲಿ ವೈದ್ಯರ ಬಳಿಗೆ ಹೋಗಲೇಬೇಕು?

ಒಳ್ಳೆಯ ಔಷಧತಜ್ಞರು ತಮ್ಮ ಎಲ್ಲೆಯನ್ನು ಬಲ್ಲವರಾಗಿರುತ್ತಾರೆ. ರಕ್ತ ಪರೀಕ್ಷೆಯಿಲ್ಲದೆ ‘ರಕ್ತ ಕಡಿಮೆಯಿದೆ’ ಎಂದು ಟಾನಿಕ್ಕು ಮಾರುವುದು ಸಲಹೆಯಲ್ಲ, ವ್ಯಾಪಾರ. ಗರ್ಭಧಾರಣೆಯ ಮೊದಲ ಮೂರು ತಿಂಗಳು ದಿನವೂ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ನಾಲ್ಕನೆಯ ತಿಂಗಳಿನಿಂದ 180 ದಿನ ದಿನಕ್ಕೊಂದು ಕೆಂಪು ಮಾತ್ರೆ, ಹೆರಿಗೆಯಾದ ಮೇಲೆ ಮತ್ತೆ 180 ದಿನ, ಇದು ರಕ್ತಹೀನತೆಯಿಲ್ಲದವರಿಗೂ ವಿಧಿಸಿರುವ ಕ್ರಮ. ಮೂರು ತಿಂಗಳು ದಾಟಿದ ಮೇಲೆ ವೈದ್ಯರ ಸಲಹೆಯಂತೆ ಜಂತುಹುಳುವಿನ ಔಷಧವನ್ನೂ ಒಮ್ಮೆ ಸೇವಿಸಬೇಕು. ಹಿಮೋಗ್ಲೋಬಿನ್ 7ರಿಂದ 10.9ರ ನಡುವೆ ಇದ್ದರೆ ದಿನಕ್ಕೆ ಎರಡು ಮಾತ್ರೆಗಳನ್ನು ಕೊಟ್ಟು ತಿಂಗಳಿಗೊಮ್ಮೆ ಪರೀಕ್ಷಿಸುತ್ತಾರೆ. ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಕಾರಣ ಹುಡುಕಬೇಕು. 7ಕ್ಕಿಂತ ಕೆಳಗಿಳಿದರೆ ಮಾತ್ರೆಯನ್ನು ನಂಬಿ ಮನೆಯಲ್ಲಿ ಕೂರುವಂತಿಲ್ಲ. ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ಅಥವಾ ರಕ್ತವನ್ನೇ ಕೊಡುವ ನಿರ್ಧಾರವನ್ನು ವೈದ್ಯರು ಮಾಡಬೇಕು. 5ಕ್ಕಿಂತ ಕಡಿಮೆಯಾದರೆ ಎಷ್ಟನೆಯ ತಿಂಗಳಾದರೂ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಕುಳಿತಲ್ಲಿಯೇ ಏದುಸಿರು, ಎದೆಬಡಿತ, ತಲೆಸುತ್ತಿ ಬೀಳುವುದು, ಮುಖ ಮತ್ತು ಕಾಲುಗಳ ಬಾವು, ಯಾವುದೇ ರಕ್ತಸ್ರಾವ ಕಂಡರೆ ಅಂಗಡಿಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಬಯಕೆಯನ್ನು ನಕ್ಕು ಮರೆಯಬಾರದು. ಅದು ಕಬ್ಬಿಣಾಂಶದ ಕೊರತೆಯ ಕುರುಹಾಗಿರಬಹುದು. ಬೆನ್ನುನೋವಿಗೋ ತಲೆನೋವಿಗೋ ನೋವಿನ ಮಾತ್ರೆಯನ್ನು ತಾವಾಗಿಯೇ ಕೊಳ್ಳಬಾರದು. ಅವುಗಳಲ್ಲಿ ಕೆಲವು ತಾಯಿಗೂ ಮಗುವಿಗೂ ಹಾನಿಕರ.

ಔಷಧ ತರಲು ಹೊರಟ ಮನೆಯವರು ಐದು ಪ್ರಶ್ನೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು: ಈ ಮಾತ್ರೆಯಲ್ಲಿ ಕಬ್ಬಿಣ ಎಷ್ಟಿದೆ? ಯಾವ ಹೊತ್ತಿಗೆ, ಏನಿನೊಡನೆ ಸೇವಿಸಬೇಕು? ಬೇರೆ ಯಾವ ಮಾತ್ರೆಯಿಂದ ದೂರವಿಡಬೇಕು? ತೊಂದರೆಯಾದರೆ ಏನು ಮಾಡಬೇಕು? ಎಷ್ಟು ದಿನ ಮುಂದುವರಿಸಬೇಕು? ಉತ್ತರಗಳನ್ನು ಪೊಟ್ಟಣದ ಮೇಲೆ ಬರೆಸಿಕೊಂಡು ಬಂದು, ಮಾತ್ರೆ ನುಂಗುವವಳಿಗೆ ಓದಿ ಹೇಳಬೇಕು. ಅಂದಿನಿಂದ ಅವಳು ಆ ಮಾತ್ರೆಯನ್ನು ಏಕೆ ಸೇವಿಸುತ್ತಿದ್ದೇನೆಂದು ತಿಳಿದು ಸೇವಿಸುತ್ತಾಳೆ. ತಿಳಿದು ಸೇವಿಸುವವಳು ನಡುವೆ ಬಿಡುವುದಿಲ್ಲ.